ಟ್ಯಾಂಕು ತಲೆ ಮೇಲೇ ಇದೆ, ಶವರ್‌ನಲ್ಲಿ ನೀರಿಲ್ಲ

ಕ್ಯಾತ್ಸಂದ್ರದಲ್ಲಿ ಟೆರೇಸ್ ರೂಮು ಹಿಡಿದವರಿಗೆ ಈ ಬಚ್ಚಲಮನೆ ಗೊತ್ತೇ ಇರುತ್ತೆ. ಮನೆ ಕಟ್ಟಿ ಮುಗಿದ ಮೇಲೆ ಬಾಡಿಗೆಗೆ ಅಂತ ಮೇಲೊಂದು ರೂಮು ಎಬ್ಬಿಸಿ, ಮೆಟ್ಟಿಲ ಪಕ್ಕ ಉಳಿದ ಮೂಲೆಯಲ್ಲಿ ಮಾಡಿದ್ದು. ಎತ್ತರ ಆರೂವರೆ ಅಡಿ. ಅದರ ನೆತ್ತಿ ಮೇಲೇ ಕರಿ ಪ್ಲಾಸ್ಟಿಕ್ ಟ್ಯಾಂಕು. ಹಿಂದೆ ಅಟ್ಟದ ಮೇಲೆ ಸಾಮಾನು ಇಡ್ತಿದ್ರು, ಈಗ ನಮ್ಮನ್ನ ಇಟ್ಟಿದ್ದಾರೆ. ರಾಷ್ಟ್ರೀಯ ಕಟ್ಟಡ ಸಂಹಿತೆ (2016) ಬಚ್ಚಲಮನೆಗೆ ಕನಿಷ್ಠ 2.1 ಮೀಟರ್ ಎತ್ತರ ಹೇಳುತ್ತೆ, ಅಂದ್ರೆ ಏಳಡಿಗೆ ಸ್ವಲ್ಪ ಕಮ್ಮಿ. ಅದೂ ಇಲ್ಲಿಲ್ಲ.

ಇಂಥ ಕಡೆ ಸೇರಿದ ಹುಡುಗರು ಮೊದಲು ಮಾಡೋ ಕೆಲಸ, ದುಡ್ಡು ಹಾಕಿ ಅಗಲವಾದ ತಟ್ಟೆ ಶವರ್ ತರೋದು. ತಟ್ಟೆ ಇಡ್ಲಿ ಊರು ಅಂತ ಶವರ್ರೂ ತಟ್ಟೆನೇ ಬೇಕಾ? ಅದು ಇನ್ನೂ ನಾಲ್ಕು ಇಂಚು ಎತ್ತರ ತಿನ್ನುತ್ತೆ, ನೀರು ಮಾತ್ರ ತೊಟ್ಟಿಕ್ಕುತ್ತೆ. "ಟ್ಯಾಂಕು ಇಲ್ಲೇ ಮೇಲಿದೆ, ಆದ್ರೂ ಪ್ರೆಶರ್ ಇಲ್ಲ" ಅಂತ ಆಶ್ಚರ್ಯ ಬೇರೆ. ಪ್ರೆಶರ್ ಇಲ್ಲದಿರೋದೇ ಟ್ಯಾಂಕು ಅಷ್ಟು ಹತ್ತಿರ ಇರೋದಕ್ಕೆ. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಬರ್ನೌಲಿ ಬರೆದು ಪಾಸಾದವರೂ ಇದನ್ನ ಟೇಪು ಹಿಡಿದು ಅಳೆಯಲ್ಲ.

ಲೆಕ್ಕ ಸುಲಭ. ಶವರ್ ಆರಡಿ ಎತ್ತರದಲ್ಲಿದೆ ಅಂದ್ಕೊಳ್ಳಿ. ಅಲ್ಲಿಂದ ಟ್ಯಾಂಕಿನ ತಳಕ್ಕೆ ಸುಮಾರು 0.3 ಮೀಟರ್. ಟ್ಯಾಂಕಲ್ಲಿ ಒಂದು ಮೀಟರ್ ನೀರಿದ್ದಾಗ ಒಟ್ಟು 1.3 ಮೀಟರ್, ಅಂದ್ರೆ 0.13 ಬಾರ್. ಬೆಳಿಗ್ಗೆ ಎಲ್ಲರ ಸ್ನಾನ ಆಗಿ ತಳ ಕಾಣೋ ಹೊತ್ತಿಗೆ 0.4 ಮೀಟರ್ ಉಳಿಯುತ್ತೆ. ನೀರಿನ ವೇಗ ಈ ಎತ್ತರದ ವರ್ಗಮೂಲದ ಲೆಕ್ಕದಲ್ಲಿ ಇಳಿಯೋದ್ರಿಂದ, ಕೊನೆಯವನಿಗೆ ಸಿಗೋದು ಮೊದಲನೆಯವನಿಗೆ ಸಿಕ್ಕಿದ್ದರ ಅರ್ಧ. ಕೆಳಗಿನ ಓನರ್ ಮನೆಗೆ ಅದೇ ಟ್ಯಾಂಕಿನಿಂದ ಮೂರು ಮೀಟರ್ ಜಾಸ್ತಿ. ಅವರ ಶವರ್ ಯಾಕೆ ಧೋ ಅನ್ನುತ್ತೆ ಅಂತ ಈಗ ಗೊತ್ತಾಯ್ತಲ್ಲ.

ಟ್ಯಾಂಕನ್ನೇ ಸ್ಟ್ಯಾಂಡ್ ಹಾಕಿ ಎತ್ತಿಸೋಣ ಅಂತಾರೆ. 1000 ಲೀಟರ್ ಅಂದ್ರೆ ಒಂದು ಟನ್ ಸ್ವಾಮಿ. ಆ ಭಾರ ಸ್ಟ್ಯಾಂಡಿನ ನಾಲ್ಕು ಕಾಲಿನ ಮೇಲೆ, ಅದೂ ಆಮೇಲೆ ಎಬ್ಬಿಸಿದ ರೂಮಿನ ಸ್ಲ್ಯಾಬಿನ ನಡುವೆ ಬೀಳಬಾರದು. ಕೆಳಗೆ ಬೀಮು, ಕಂಬ ಎಲ್ಲಿದೆ ನೋಡದೆ ಆ ಮಾತೇ ಬೇಡ.

ನನ್ನ ಮಾತು ಇಷ್ಟೇ: ಆ ಬಚ್ಚಲಿಗೆ ಮೇಲಿನ ಶವರ್ ಹಾಕಿಸಲೇಬೇಡಿ. ಗೋಡೆ ಎಲ್ಲಿ ಎತ್ತರ ಇದೆಯೋ ಅಲ್ಲಿ, ನಾಲ್ಕಡಿ ಮಟ್ಟದಲ್ಲಿ ಹ್ಯಾಂಡ್ ಶವರ್ ಕೊಕ್ಕೆ ಹೊಡೆಸಿ, ಕೆಳಗೊಂದು ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು ಕೂತು ಸ್ನಾನ ಮಾಡಿ. ಎರಡಡಿ ಇಳಿಸಿದ್ರೆ 0.4 ಇದ್ದದ್ದು 1 ಮೀಟರ್ ಆಗುತ್ತೆ. ಪೈಪಿನ ಘರ್ಷಣೆ ಬಿಟ್ಟು ನೋಡಿದ್ರೆ ನೀರು ಒಂದೂವರೆ ಪಟ್ಟು. ತಲೆಯೂ ಸೂರಿಗೆ ತಾಗಲ್ಲ. ಅಜ್ಜಿ ಮನೆ ಬಚ್ಚಲಲ್ಲಿ ಮಣೆ ಹಾಕಿ ಕೂರ್ತಿದ್ದದ್ದು ನೆನಪಿದ್ರೆ ಇದರಲ್ಲಿ ಹೊಸದೇನಿಲ್ಲ. ತೂತು ದೊಡ್ಡದಿರೋ ಹ್ಯಾಂಡ್ ಶವರ್ ಕೊಳ್ಳಿ. ಬೋರ್‌ವೆಲ್ ನೀರಿನ ಉಪ್ಪು ಕಟ್ಟಿಕೊಂಡ್ರೆ ಬಿಚ್ಚಿ ನಿಂಬೆರಸದಲ್ಲಿ ನೆನೆಹಾಕಬಹುದು. ನೀರು ಹಾರೋ ಕಡೆ ಬಲ್ಬ್ ಹೋಲ್ಡರ್ ಕೈಗೆ ಎಟುಕುವಂತಿದ್ರೆ ಅದನ್ನ ಮೊದಲು ಸರಿಸಿ, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇದೆಯಾ ನೋಡಿ.

ಬಿಸಿನೀರಿಗೆ ಗ್ಯಾಸ್ ಗೀಸರ್ ಇರೋ ಕಡೆ ಮಾತ್ರ ತಮಾಷೆ ಸಾಕು. ಇಷ್ಟು ಕಮ್ಮಿ ಪ್ರೆಶರ್‌ಗೆ ಎಷ್ಟೋ ಸಲ ಅದು ಹೊತ್ತೋದೇ ಇಲ್ಲ. ಹೊತ್ತಿದ್ರೆ ಇನ್ನೂ ಅಪಾಯ. ನಾಲ್ಕಡಿ ಅಗಲ, ಐದಡಿ ಉದ್ದದ ಕುಳ್ಳು ಕೋಣೆಯಲ್ಲಿ ಇರೋ ಗಾಳಿ ನಾಲ್ಕು ಘನ ಮೀಟರ್ ಕೂಡ ಇಲ್ಲ. ಕಿಟಕಿ ಮುಚ್ಚಿದ್ರೆ ಕಾರ್ಬನ್ ಮೊನಾಕ್ಸೈಡ್ ಬೇಗ ತುಂಬುತ್ತೆ, ವಾಸನೆಯೂ ಬರಲ್ಲ. ಅದನ್ನ ಹೊರಗೆ ಹಾಕಿಸಿ ಅಂತ ಓನರಿಗೆ ಇವತ್ತೇ ಹೇಳಿ. ಹಾಕಿಸೋ ತನಕ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಗಾಳಿ ಆಡಿದ ಮೇಲೆ ಒಳಗೆ ಹೋಗಿ.