‘ಬೆಳಿಗ್ಗೆ ನೋಡುವಾ’ ಎಂದರೆ ಮಗು ಕಾಯುವುದಿಲ್ಲ

ಹೆರಿಗೆಯಲ್ಲಿ ಮಗು ಸತ್ತು ಹುಟ್ಟಿತು ಎಂಬ ಸುದ್ದಿ ಸುರತ್ಕಲ್ ಪೇಟೆಗೆ ಮುಟ್ಟಿದರೆ ಸಾಕು, ತೀರ್ಪು ರೆಡಿ. ಒಬ್ಬರು ಡಾಕ್ಟರನ್ನು ಬೈದರೆ ಇನ್ನೊಬ್ಬರು ಹೆತ್ತವಳ ಕಾಲ್ಗುಣ ಎನ್ನುತ್ತಾರೆ. ಉಳಿದವರು ಹಣೆಬರಹವೆಂದು ಬಸ್ ಹತ್ತುತ್ತಾರೆ.

ಕಾರಣ ಬಹಳ ಸಲ ಆಸ್ಪತ್ರೆಯ ಬಾಗಿಲಿಗೆ ಬರುವ ಮೊದಲೇ ಉಂಟು. ಏರಿದ ಬಿಪಿ, ಸಕ್ಕರೆ, ರಕ್ತಹೀನತೆ, ಸೋಂಕು, ಹೊಟ್ಟೆಯಲ್ಲೇ ಸೊರಗಿದ ಮಗು: ಇವೆಲ್ಲ ತಪಾಸಣೆಗೆ ಸಿಗುವಂಥವು. ಮಾಸು ಹಠಾತ್ತನೆ ಕಳಚಿಕೊಂಡರೆ ಮಾತ್ರ ನಿಮಿಷಗಳ ಲೆಕ್ಕ. ಕೆಲವು ಸಾವಿಗೆ ಡಾಕ್ಟರರಿಗೂ ಕಾರಣ ಸಿಗುವುದಿಲ್ಲ, ಅದೂ ನಿಜ. 2021ರಲ್ಲಿ ಜಗತ್ತಿನಲ್ಲಿ ಸುಮಾರು 19 ಲಕ್ಷ ಮಕ್ಕಳು 28 ವಾರ ತುಂಬಿದ ಮೇಲೆ ಹೀಗೆ ಹೋದವು. ನೂರರಲ್ಲಿ ನಲವತ್ತಕ್ಕೂ ಹೆಚ್ಚು, ಹೆರಿಗೆ ನೋವು ಶುರುವಾದ ನಂತರ. ನೋವು ಬಂದಾಗ ಅವು ಜೀವಂತ ಇದ್ದವು ಎಂದರ್ಥ.

ಮಗುವಿನ ಒದೆತ ಕಡಿಮೆಯಾಗಿದೆ ಎಂದು ಸೊಸೆ ರಾತ್ರಿ ಹೇಳಿದರೆ ಮನೆಯವರು “ಮಲಗಿರಬಹುದು, ಬೆಳಿಗ್ಗೆ ನೋಡುವಾ” ಅನ್ನುತ್ತಾರೆ. ಆ ರಾತ್ರಿಯೇ ಹೊರಡಬೇಕು. 108ಕ್ಕೆ ಫೋನ್ ಮಾಡಲು ನಾಚಿಕೆ ಯಾಕೆ? ಸುರತ್ಕಲ್ ಟೋಲ್‌ಗೇಟ್ 2022ರ ಡಿಸೆಂಬರಿನಲ್ಲಿ ನಿಂತಿತು, ಸರಿ. ಆದರೆ ಲೇಡಿಗೋಷನ್ ಮುಟ್ಟಲು ಬೈಕಂಪಾಡಿ, ಕೂಳೂರು ಇನ್ನೂ ದಾಟಬೇಕಲ್ಲ!

ಇನ್ನು ಅಂಗಡಿ ಧಣಿಗಳ ವಿಷಯ. ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಪುಕ್ಕಟೆ ತಪಾಸಣೆ 2016ರಿಂದ ಉಂಟು. ಏಳು ತಿಂಗಳ ಸೇಲ್ಸ್ ಹುಡುಗಿ ಆ ದಿನ ರಜೆ ಕೇಳಿದರೆ ಮುಖ ಸಿಂಡರಿಸಿ ಸಂಬಳ ಹಿಡಿಯುವುದು ಯಾವ ವ್ಯಾಪಾರ? ಸತ್ತು ಹುಟ್ಟಿದ ಮಗುವನ್ನೂ 1961ರ ಹೆರಿಗೆ ಸೌಲಭ್ಯ ಕಾಯ್ದೆ ಮಗುವೆಂದೇ ಎಣಿಸಿತ್ತು. ಗಲ್ಲಾದ ಮೇಲಿನ ಕ್ಯಾಲೆಂಡರಿನಲ್ಲಿ ಧಣಿಗಳು ಮುಂದಿನ 9ಕ್ಕೆ ಇವತ್ತೇ ಗುರುತು ಹಾಕಿಡಲಿ.