ನಡೆಯುವ ಮೊದಲೇ ಬರುವ ಆಯಾಸ

ಸತ್ಕಾರ್ಯಕ್ಕೆಂದು ದೂರದ ದಾರಿ ಹಿಡಿದವರು ಒಂದು ಮೈಲಿಗಲ್ಲು ದಾಟಿದರೆ ಜನ ಎರಡು ಪ್ರಶ್ನೆ ಕೇಳುತ್ತಾರೆ: ಎಷ್ಟು ಕಿಲೋಮೀಟರ್ ಆಯಿತು, ಎಷ್ಟು ಹಣ ಕೂಡಿತು? ವೈದ್ಯನಾದ ನನಗೆ ಮೂರನೆಯದೊಂದು ಪ್ರಶ್ನೆ ಇದೆ. ಇವತ್ತು ಬೆಳಿಗ್ಗೆ ಹಾಸಿಗೆಯಿಂದ ಎದ್ದಾಗ ಮೈ ಹೇಗಿತ್ತು? ಇದನ್ನು ಯಾರೂ ಕೇಳುವುದಿಲ್ಲ. ಕೇಳಬೇಕಿತ್ತು ಎಂದು ನನಗೆ ಅನಿಸುವುದು ಕೆನಡಾದ ಟೆರಿ ಫಾಕ್ಸ್‌ನ ಕಥೆ ನೆನಪಾದಾಗಲೆಲ್ಲ.

1977ರಲ್ಲಿ ಮೂಳೆಯ ಕ್ಯಾನ್ಸರ್‌ನಿಂದಾಗಿ ಆತನ ಬಲಗಾಲನ್ನು ಮಂಡಿಯ ಮೇಲಕ್ಕೆ ಕತ್ತರಿಸಬೇಕಾಯಿತು. ಆಗ ವಯಸ್ಸು ಹದಿನೆಂಟು. ಆಸ್ಪತ್ರೆಯಲ್ಲಿ ತನ್ನೊಂದಿಗಿದ್ದ ರೋಗಿಗಳ ಸಂಕಟ ಕಂಡು, ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು ದೇಶವನ್ನೇ ದಾಟುವೆನೆಂದು ಹೊರಟ. 1980ರ ಏಪ್ರಿಲ್ 12ರಂದು ಅಟ್ಲಾಂಟಿಕ್ ತೀರದ ಸೇಂಟ್ ಜಾನ್ಸ್‌ನಿಂದ ಆರಂಭ. ಸುಮಾರು 8,000 ಕಿ.ಮೀ. ದೂರದ ಪಶ್ಚಿಮ ಕರಾವಳಿ ಗುರಿ. ದಿನಕ್ಕೆ ಹೆಚ್ಚುಕಡಿಮೆ 42 ಕಿ.ಮೀ. ಓಟವೆಂದೇ ಹೆಸರು, ಆದರೆ ಕೃತಕ ಕಾಲಿನ ಒಂದು ಹೆಜ್ಜೆಗೆ ಒಳ್ಳೆಯ ಕಾಲಿನಲ್ಲಿ ಎರಡು ಕುಪ್ಪಳಿಕೆ. ನೋಡಿದವರಿಗೇ ನೋವಾಗುವ ನಡೆ ಅದು.

ಮೊದಲ ದಿನಗಳಲ್ಲಿ ಗಾಳಿ, ಮಳೆ, ಹಿಮ. ಆದರೆ ಪೋರ್ಟ್ ಓ ಬಾಸ್ಕ್ ಎಂಬ ಹತ್ತು ಸಾವಿರ ಜನರ ಊರು ಹತ್ತು ಸಾವಿರ ಡಾಲರ್ ಕೊಟ್ಟಿತು. ದೇಶದ ಪ್ರತಿಯೊಬ್ಬರಿಂದ ಒಂದೊಂದು ಡಾಲರ್ ಎಂಬ ಆಸೆ ಆತನಲ್ಲಿ ಮೂಡಿದ್ದು ಅಲ್ಲಿಂದ. ಜೂನ್ 22ರಂದು ಮಾಂಟ್ರಿಯಲ್ ತಲುಪಿದಾಗ ದಾರಿಯ ಮೂರನೇ ಒಂದು ಭಾಗ ಮುಗಿದಿತ್ತು, ಎರಡು ಲಕ್ಷಕ್ಕೂ ಹೆಚ್ಚು ಡಾಲರ್ ಕೂಡಿತ್ತು. ಜುಲೈಯಲ್ಲಿ ಟೊರಾಂಟೊದ ಚೌಕದಲ್ಲಿ ಹತ್ತು ಸಾವಿರ ಮಂದಿ ಸೇರಿದರು. ಒಂಟಾರಿಯೊ ಪ್ರಾಂತ್ಯದಲ್ಲೇ ಅರ್ಧ ದಾರಿಯೂ ದಾಟಿತು.

ಅಷ್ಟರಲ್ಲಿ ದೇಹವೂ ತನ್ನ ಲೆಕ್ಕ ಬರೆಯುತ್ತಿತ್ತು. ಕಣಕಾಲಿನ ಎಲುಬಿನಲ್ಲಿ ನೋವು, ಮಂಡಿಯ ಉರಿಯೂತ, ಕತ್ತರಿಸಿದ ಕಾಲಿನ ತುದಿಯಲ್ಲಿ ಗಂಟುಗಳು, ತಲೆಸುತ್ತು. ಹೊರಡುವ ಮೊದಲೇ ಹೃದಯ ಹಿಗ್ಗಿದ್ದು ತಿಳಿದಿತ್ತು, ತೊಂದರೆ ಕಂಡರೆ ನಿಲ್ಲಿಸುವೆನೆಂದು ಮಾತು ಕೊಟ್ಟಿದ್ದ. ಆದರೂ ದಾರಿಯಲ್ಲಿ ನಿಯಮಿತ ವೈದ್ಯಕೀಯ ತಪಾಸಣೆಗೆ ಒಪ್ಪಲಿಲ್ಲ. ತನ್ನ 22ನೇ ಹುಟ್ಟುಹಬ್ಬದಂದೂ ರಜೆ ತೆಗೆದುಕೊಳ್ಳಲಿಲ್ಲ. ಆಗಸ್ಟ್ ಕೊನೆಗೆ, ದಿನದ ಓಟ ಶುರುವಾಗುವ ಮೊದಲೇ ಬಳಲಿಕೆ ಎಂದು ಆತನೇ ಹೇಳಿಕೊಂಡಿದ್ದ. ಸೆಪ್ಟೆಂಬರ್ 1ರಂದು ಥಂಡರ್ ಬೇ ನಗರದ ಹೊರಗೆ ಕೆಮ್ಮು, ಎದೆನೋವು. ಆಸ್ಪತ್ರೆಯಲ್ಲಿ ನೋಡಿದರೆ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತು. 143 ದಿನ, 5,373 ಕಿ.ಮೀ.ಗೆ ಯಾತ್ರೆ ನಿಂತಿತು.

ಮೊದಲೇ ತಪಾಸಣೆ ಮಾಡಿಸಿದ್ದರೆ ಬದುಕುತ್ತಿದ್ದ ಎಂದು ನಾನು ಹೇಳಲಾರೆ. ಇಪ್ಪತ್ತೆರಡರ ಹುಡುಗನ ಛಲವನ್ನು ಕುಳಿತಲ್ಲಿಂದ ಟೀಕಿಸುವುದೂ ಸುಲಭ. ನನ್ನ ಕಣ್ಣು ನೆಡುವುದು ಆ ಒಂದು ಮಾತಿನ ಮೇಲೆ: ಶುರುವಾಗುವ ಮೊದಲೇ ಬಳಲಿಕೆ.

ಇಬ್ನ್ ಸೀನಾ ತಮ್ಮ 'ಅಲ್ ಖಾನೂನ್'ನಲ್ಲಿ ಆಯಾಸವನ್ನು ಬಿಡಿಸಿಟ್ಟಿದ್ದಾರೆ. ಮುಟ್ಟಿದರೆ ಹುಣ್ಣಿನಂತೆ ನೋಯುವುದು, ಸ್ನಾಯು ಎಳೆದು ಬಿಗಿದಂತಾಗುವುದು, ಊದಿ ಬಿಸಿಯಾದಂತಾಗುವುದು, ಹೀಗೆ. ಆದರೆ ಮುಖ್ಯವಾದ ಗೆರೆ ಬೇರೆಡೆ ಇದೆ. ದುಡಿದು ಬಂದ ಆಯಾಸಕ್ಕೆ ವಿಶ್ರಾಂತಿ, ಮಾಲೀಸು, ಬೆಚ್ಚಗಿನ ಸ್ನಾನ ಸಾಕು. ದುಡಿಯದೆ ತಾನಾಗಿ ಬಂದ ಆಯಾಸ ಬರಲಿರುವ ಕಾಯಿಲೆಯ ಮುನ್ಸೂಚನೆ. ಹಕೀಮರು ಆರೋಗ್ಯಕ್ಕೆ ಅಗತ್ಯವೆಂದು ಎಣಿಸಿದ ಆರು ಕಾರಣಗಳಲ್ಲಿ 'ಹರಕತ್ ವ ಸುಕೂನ್', ಅಂದರೆ ದೇಹದ ಚಲನೆ ಮತ್ತು ವಿಶ್ರಾಂತಿ, ಎರಡಲ್ಲ, ಒಂದೇ ಕಾರಣ. ನಮ್ಮ ಫೋನುಗಳು ಹರಕತ್ತನ್ನು ಮಾತ್ರ ಎಣಿಸುತ್ತವೆ!

ಇದನ್ನು ಬರೆಯುವ ನಾನೇ ಒಮ್ಮೆ ಎಡವಿದ್ದೇನೆ. ಮೂರು ಮಕ್ಕಳ ತಾಯಿಯೊಬ್ಬರು ತೂಕ ಇಳಿಸಲು ನಡೆಯಲು ಆರಂಭಿಸಿದ್ದರು. ದಿನಕ್ಕೆ ಐದು ಕಿಲೋಮೀಟರ್ ಮುಟ್ಟಿದ ದಿನ ಸಂತೋಷದಿಂದ ಬಂದು ಹೇಳಿದರು. ನಾನೂ ಬೆನ್ನು ತಟ್ಟಿದೆ. ಎದ್ದಾಗಲೇ ಸುಸ್ತು ಎಂದು ಅವರು ಮೆಲ್ಲಗೆ ಸೇರಿಸಿದ್ದನ್ನು ಮನೆಗೆಲಸದ ದಣಿವೆಂದು ತಳ್ಳಿಬಿಟ್ಟೆ. ಎರಡು ತಿಂಗಳ ನಂತರ ಮೆಟ್ಟಿಲು ಹತ್ತುವಾಗ ಏದುಸಿರು ಬಂತೆಂದು ಮತ್ತೆ ಬಂದಾಗಲೇ ರಕ್ತ ಪರೀಕ್ಷೆ ಮಾಡಿಸಿದ್ದು. ಹಿಮೋಗ್ಲೋಬಿನ್ ಏಳಕ್ಕೂ ಕೆಳಗೆ. ತಿಂಗಳ ಸ್ರಾವ ಅತಿಯಾಗಿತ್ತು. ಸಂಕೋಚದಿಂದ ಅವರು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಸ್ತ್ರೀರೋಗ ತಜ್ಞೆಯ ಬಳಿಗೆ ಕಳಿಸಿದೆ.

ಮನೆಯಲ್ಲಿ ಯಾರಾದರೂ ನಡಿಗೆಯ ಲೆಕ್ಕ ಹೆಮ್ಮೆಯಿಂದ ತೋರಿಸಿದರೆ ಸಂತೋಷಪಡಿ. ಆಮೇಲೆ ಬೆಳಗಿನ ಆಯಾಸದ ಬಗ್ಗೆ ಕೇಳಿ. ರಾತ್ರಿ ನಿದ್ದೆ ಮಾಡಿಯೂ ಎರಡು ವಾರ ಅದು ಬಿಡದಿದ್ದರೆ, ಅಥವಾ ಜೊತೆಗೆ ಕೆಮ್ಮು, ಎದೆನೋವು, ತೂಕ ಇಳಿತವಿದ್ದರೆ, ಕಷಾಯ, ಖಮೀರಾ ಎಂದು ಕಾಲ ಕಳೆಯದೆ ಪರೀಕ್ಷೆ ಮಾಡಿಸಿ. ಎದೆನೋವಾದರೆ ಅದೇ ದಿನ. ಸಕ್ಕರೆ ಕಾಯಿಲೆಯವರು ನಡೆದು ಬಂದ ಮೇಲೆ ಅಂಗಾಲು, ಬೆರಳಸಂದು ನೋಡಿಕೊಳ್ಳಲಿ. ಅವರಿಗೆ ಬೊಕ್ಕೆ ಎದ್ದದ್ದೂ ತಿಳಿಯುವುದಿಲ್ಲ.

1981ರ ಫೆಬ್ರವರಿಗೆ ಟೆರಿಯ ನಿಧಿ 2.4 ಕೋಟಿ ಡಾಲರ್ ದಾಟಿತು. ದೇಶದ ಜನಸಂಖ್ಯೆಯೂ ಆಗ ಅಷ್ಟೇ ಇತ್ತು. ಆ ಸುದ್ದಿ ಕೇಳಲು ಆತ ಬದುಕಿದ್ದ. ತೀರಿಕೊಂಡದ್ದು ಜೂನ್ 28ರಂದು.

ನನ್ನ ಆ ರೋಗಿ ಈಗ ಮತ್ತೆ ನಡೆಯುತ್ತಿದ್ದಾರೆ, ಸದ್ಯಕ್ಕೆ ಎರಡು ಕಿಲೋಮೀಟರ್.