ಜಾಹೀರಾತಿಗೆ ತಪಾಸಣೆ, ಫಾರ್ವರ್ಡ್‌ಗೆ ಯಾರ ತಪಾಸಣೆ? ತಾಂಡೂರು-ಝಹೀರಾಬಾದ್ ಕಡೆಯಿಂದ ಒಂದು ನೋಟ

2024ರ ಲೋಕಸಭಾ ಚುನಾವಣೆಯ ಸಮಯ. ತೊಗರಿಬೇಳೆ ಖರೀದಿಗೆ ಅಂತ ಕಲಬುರಗಿವರೆಗೆ ಹೋದವನು ಸೇಡಂ ದಾಟಿ ತಾಂಡೂರಿಗೂ ಹೋಗಿದ್ದೆ. ಅಲ್ಲಿನ ದಾಲ್ ಮಿಲ್‌ನ ಗುಮಾಸ್ತ ಕನ್ನಡದವರು. ಲೆಕ್ಕ ಬರೆಯುವುದನ್ನು ಬಿಟ್ಟು ಮೊಬೈಲ್ ಮುಂದೆ ಹಿಡಿದರು. "ನೋಡ್ರಿ ಭಾಯ್, ಎಸ್‌ಸಿ, ಎಸ್‌ಟಿ, ಒಬಿಸಿ ಮೀಸಲಾತಿ ತೆಗೀತೀವಿ ಅಂತ ಅಮಿತ್ ಶಾ ಹೇಳ್ಯಾರ. ನಮ್ಮ ಚೇವೆಳ್ಳದಾಗೇ ಮಾಡಿದ ಭಾಷಣ ಅಂತ." ವಿಡಿಯೋ ನೋಡಿದ್ರೆ ನಂಬುವ ಹಾಗೇ ಇತ್ತು. ನಾನೂ ನಂಬಿದೆ. ಊರಿನ ಎರಡು ಗ್ರೂಪ್‌ಗೆ ಕಳುಹಿಸುವುದಕ್ಕೂ ಹೊರಟಿದ್ದೆ.

ಅದು ತಿರುಚಿದ ವಿಡಿಯೋ. ಮೂಲ ಭಾಷಣ 2023ರ ಏಪ್ರಿಲ್ 23ರದ್ದು, ತಾಂಡೂರು ಸೇರಿರುವ ಚೇವೆಳ್ಳ ಲೋಕಸಭಾ ಕ್ಷೇತ್ರದಲ್ಲೇ ನಡೆದದ್ದು. ಶಾ ಅಲ್ಲಿ ಹೇಳಿದ್ದು ತಮ್ಮ ಪಕ್ಷ ಅಧಿಕಾರಕ್ಕೆ ಬಂದರೆ ತೆಲಂಗಾಣದಲ್ಲಿ ಮುಸ್ಲಿಮರ ಮೀಸಲಾತಿ ತೆಗೆಯುತ್ತೇವೆ ಅಂತ. ಯಾರೋ ಅದನ್ನು ಕತ್ತರಿಸಿ, ಮಾತು ಬದಲಿಸಿ ಹರಿಬಿಟ್ಟರು. ದಿಲ್ಲಿ ಪೊಲೀಸರು ಎಫ್‌ಐಆರ್ ಹಾಕಿದರು, ತೆಲಂಗಾಣ ಮುಖ್ಯಮಂತ್ರಿ ರೇವಂತ್ ರೆಡ್ಡಿಗೂ ನೋಟಿಸ್ ಹೋಯಿತು. ತೆಲಂಗಾಣ ಕಾಂಗ್ರೆಸ್‌ನ ಸೋಶಿಯಲ್ ಮೀಡಿಯಾ ವಿಭಾಗದವರ ಬಂಧನವಾಗಿ, ಆಮೇಲೆ ಜಾಮೀನು ಸಿಕ್ಕಿತು.

ಸುಳ್ಳು ಸಿಕ್ಕಿಬಿದ್ದದ್ದು ಒಳ್ಳೆಯದೇ. ಆದರೆ ನನ್ನ ತಲೆ ತಿಂದದ್ದು ಬೇರೆ ವಿಷಯ. ಫ್ಯಾಕ್ಟ್ ಚೆಕ್ ಬಂದ ಮೇಲೆ ಎಲ್ಲರೂ "ಓ, ಅವರು ದಲಿತರ ಬಗ್ಗೆ ಹೇಳಿದ್ದಲ್ಲ, ಬರೀ ಮುಸ್ಲಿಮರ ಬಗ್ಗೆ ಹೇಳಿದ್ದು" ಅಂತ ನಿರಾಳರಾದರು. ನಿಜವಾಗಿ ಆಡಿದ ಮಾತಿನ ಬಗ್ಗೆ ಚರ್ಚೆಯೇ ಆಗಲಿಲ್ಲ. ನಮ್ಮ ಪರವಾಗಿದೆ ಅಂತ ಹಂಚಿದ ಒಂದು ಸುಳ್ಳು ನಮ್ಮ ನಿಜವಾದ ತಕರಾರನ್ನೇ ನುಂಗಿ ಹಾಕಿತು.

ನಮ್ಮ ಹುಡುಗರು ಕೇಳುವ ಪ್ರಶ್ನೆ: ಇಂಥದ್ದನ್ನು ತಡೆಯಲು ಫೇಸ್‌ಬುಕ್, ಗೂಗಲ್‌ನಲ್ಲಿ ನಿಯಮ ಇಲ್ವಾ? ಇದೆ. ಬೇಕಾದಷ್ಟಿದೆ. ಆದರೆ ಹೆಚ್ಚಿನವು ದುಡ್ಡು ಕೊಟ್ಟು ಹಾಕುವ ಜಾಹೀರಾತಿಗೆ. ಮಿಲ್ ಗುಮಾಸ್ತರಿಗೆ ಬಂದದ್ದು ಜಾಹೀರಾತಲ್ಲ, ಫಾರ್ವರ್ಡ್.

ನಿಯಮ ಏನು ಅಂತ ನೋಡಿ. ಸೋಶಿಯಲ್ ಮೀಡಿಯಾದ ರಾಜಕೀಯ ಜಾಹೀರಾತಿಗೂ ಮುಂಚಿತ ಪ್ರಮಾಣಪತ್ರ ಬೇಕು ಅಂತ ಚುನಾವಣಾ ಆಯೋಗ 2013ರ ಅಕ್ಟೋಬರ್‌ನಲ್ಲೇ ಹೇಳಿದೆ. ಅದನ್ನು ಕೊಡುವುದು ಎಂಸಿಎಂಸಿ ಎಂಬ ಸಮಿತಿ. 2019ರಿಂದ ಫೇಸ್‌ಬುಕ್ ರಾಜಕೀಯ ಜಾಹೀರಾತು ಹಾಕುವವರ ಗುರುತಿನ ಚೀಟಿ, ವಿಳಾಸ ಕೇಳುತ್ತದೆ, ಹಣ ಕೊಟ್ಟವರ ಹೆಸರನ್ನು ಜಾಹೀರಾತಿನ ಮೇಲೆ ತೋರಿಸುತ್ತದೆ, ಏಳು ವರ್ಷ ಆಡ್ ಲೈಬ್ರರಿಯಲ್ಲಿ ಇಡುತ್ತದೆ. ಗೂಗಲ್ 2020ರಿಂದ ಚುನಾವಣಾ ಜಾಹೀರಾತನ್ನು ವಯಸ್ಸು, ಲಿಂಗ, ಪಿನ್‌ಕೋಡ್ ಮಟ್ಟದ ಸ್ಥಳ, ಇಷ್ಟನ್ನು ನೋಡಿ ಮಾತ್ರ ಗುರಿಯಿಡಲು ಬಿಡುತ್ತದೆ. ಕಾಗದದ ಮೇಲೆ ಚೆನ್ನಾಗಿದೆ.

ಈ ಜರಡಿ ಹೇಗೆ ಕೆಲಸ ಮಾಡುತ್ತೆ ಅಂತ ನನಗೆ ಗೊತ್ತಾದದ್ದು ರಂಝಾನ್ ಸಮಯದಲ್ಲಿ. ಅಕ್ಕಿ, ಬೇಳೆ, ಖರ್ಜೂರದ ಕಿಟ್‌ಗೆ ಒಂದು ಜಾಲತಾಣದಲ್ಲಿ ಸಣ್ಣ ಜಾಹೀರಾತು ಹಾಕಿದೆ. "ಝಕಾತ್ ಬಡವರ ಹಕ್ಕು" ಅಂತ ಒಂದು ಸಾಲು ಬರೆದಿದ್ದೆ. ತಿರಸ್ಕಾರ. ಸಾಮಾಜಿಕ-ರಾಜಕೀಯ ವಿಷಯವಂತೆ, ಮೊದಲು ದಾಖಲೆ ಕೊಡಬೇಕಂತೆ. ಯಂತ್ರಕ್ಕೆ "ಹಕ್ಕು" ಅನ್ನುವ ಪದ ಕಂಡಿತೋ ಏನೋ. ಆ ಸಾಲು ತೆಗೆದೆ, ಹತ್ತು ನಿಮಿಷದಲ್ಲಿ ಪಾಸಾಯಿತು. ಜಾಲತಾಣ ಯಾವುದು ಅನ್ನುವುದು ಇಲ್ಲಿ ಮುಖ್ಯವಲ್ಲ.

ಇದರ ಪಕ್ಕದಲ್ಲಿ ಇನ್ನೊಂದು ಸಂಗತಿ ಇಟ್ಟು ನೋಡಿ. 2024ರ ಮೇ 8ರಿಂದ 13ರ ನಡುವೆ ಎಕೋ ಮತ್ತು ಇಂಡಿಯಾ ಸಿವಿಲ್ ವಾಚ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆಗಳು ಫೇಸ್‌ಬುಕ್‌ನ ಒಡೆಯನಾದ ಮೆಟಾವನ್ನು ಪರೀಕ್ಷೆ ಮಾಡಿದವು. ಮುಸ್ಲಿಮರ ವಿರುದ್ಧ ಹಿಂಸೆಗೆ ಕರೆ ಕೊಡುವಂಥ, ಎಐ ಚಿತ್ರ ಅಂಟಿಸಿದ 22 ಜಾಹೀರಾತುಗಳನ್ನು ಸಲ್ಲಿಸಿದವು. ಇಂಗ್ಲಿಷ್, ಹಿಂದಿ, ಬಂಗಾಳಿ, ಗುಜರಾತಿ ಜೊತೆಗೆ ಕನ್ನಡದಲ್ಲೂ. 14 ಪಾಸಾದವು. ಸಣ್ಣ ತಿದ್ದುಪಡಿ ಮಾಡಿದ ಮೇಲೆ ಇನ್ನೂ ಮೂರು. ಪ್ರಕಟವಾಗುವ ಮೊದಲೇ ಸಂಸ್ಥೆಗಳು ತಾವಾಗಿ ಹಿಂತೆಗೆದುಕೊಂಡವು, ಇಲ್ಲದಿದ್ದರೆ ಜನರ ಫೋನ್‌ಗೆ ಹೋಗುತ್ತಿದ್ದವು. ಮೇ 13 ಅಂದರೆ ಝಹೀರಾಬಾದ್, ಚೇವೆಳ್ಳ ಸೇರಿ ಇಡೀ ತೆಲಂಗಾಣ ಮತ ಹಾಕಿದ ದಿನ.

ಕಾಮರ್ಸ್ ಓದಿದವನಾಗಿ ನನಗೆ ಕಾಣುವುದು ಇಷ್ಟು. ಈ ವ್ಯವಸ್ಥೆ ನಿಂತಿರುವುದು ಸ್ವಯಂ ಘೋಷಣೆ ಮೇಲೆ. "ನಂದು ರಾಜಕೀಯ ಜಾಹೀರಾತು" ಅಂತ ಪ್ರಾಮಾಣಿಕವಾಗಿ ಹೇಳಿದವನಿಗೆ ಹತ್ತು ದಾಖಲೆ. ಹೇಳದೆ ಬಂದವನನ್ನು ಹಿಡಿಯಬೇಕಾದ್ದು ಯಂತ್ರ, ಅದಕ್ಕೆ ಕನ್ನಡ ಎಷ್ಟು ಅರ್ಥವಾಗುತ್ತದೆ ಅಂತ ನನ್ನ ಕಿಟ್ ಪ್ರಸಂಗದಲ್ಲೇ ಗೊತ್ತಾಯಿತಲ್ಲ.

ಗಡಿ ಊರಿಗೆ ಬಂದರೆ ಇನ್ನೊಂದು ತೊಡಕು. ಝಹೀರಾಬಾದ್, ನಾರಾಯಣಖೇಡ್ ಸಂಗಾರೆಡ್ಡಿ ಜಿಲ್ಲೆಯವು, ತಾಂಡೂರು ವಿಕಾರಾಬಾದ್ ಜಿಲ್ಲೆಯದ್ದು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ಮಸೀದಿ ಮುಂದೆ ಉರ್ದು, ಹೀಗಿರುವ ಜನ. ಬೀದರ್ ಮತ್ತು ಕಲಬುರಗಿ ಮತ ಹಾಕಿದ್ದು ಮೇ 7ಕ್ಕೆ. ಮತದಾನ ಮುಗಿಯುವುದಕ್ಕೆ ಮುಂಚಿನ 48 ಗಂಟೆ ಪ್ರಚಾರ ಬಂದ್. ಆದರೆ ಬೀದರ್‌ನಲ್ಲಿ ಮೈಕ್ ನಿಂತಾಗ ಪಕ್ಕದ ಝಹೀರಾಬಾದ್‌ನಲ್ಲಿ ಪ್ರಚಾರ ಜೋರು. ಮೈಕ್‌ನ ಸದ್ದು ಗಡಿ ಹತ್ತಿರ ನಿಲ್ಲಬಹುದು, ಕನ್ನಡದ ವಿಡಿಯೋ ನಿಲ್ಲುತ್ತದಾ?

ನಿಲ್ಲಲಿಲ್ಲ. ಮೇ 4ರಂದು ಕರ್ನಾಟಕ ಬಿಜೆಪಿಯ ಎಕ್ಸ್ ಖಾತೆಯಲ್ಲಿ ಒಂದು ಅನಿಮೇಷನ್ ಬಂತು. ಎಸ್‌ಸಿ, ಎಸ್‌ಟಿ, ಒಬಿಸಿ ಅಂತ ಬರೆದ ಮೊಟ್ಟೆಗಳಿರುವ ಗೂಡಿಗೆ ಮುಸ್ಲಿಂ ಅಂತ ಬರೆದ ಮೊಟ್ಟೆ ಇಡುವುದು, ಆ ಮರಿ ಉಳಿದವುಗಳನ್ನು ಹೊರಗೆ ತಳ್ಳುವುದು. ಮರುದಿನವೇ ದೂರು ಹೋಯಿತು. ರಾಜ್ಯದ ಚುನಾವಣಾಧಿಕಾರಿ ಹೇಳಿದರೂ ಎಕ್ಸ್ ತೆಗೆಯಲಿಲ್ಲ. ಕೊನೆಗೆ ಆಯೋಗ ಕೂಡಲೇ ತೆಗೆಯಿರಿ ಅಂತ ಬರೆದದ್ದು ಮೇ 7ಕ್ಕೆ. ಆ ಹೊತ್ತಿಗೆ ಬೀದರ್, ಕಲಬುರಗಿಯವರು ಸಾಲಿನಲ್ಲಿ ನಿಂತು ಮತ ಹಾಕುತ್ತಿದ್ದರು. ನಕಲಿ ವಿಡಿಯೋ ಗಮನಕ್ಕೆ ಬಂದರೆ ಪಕ್ಷಗಳು ಮೂರು ಗಂಟೆಯೊಳಗೆ ತೆಗೆಯಬೇಕು ಅಂತ ಆಯೋಗ ಹೇಳಿದ್ದು ಅದರ ಹಿಂದಿನ ದಿನ, ಮೇ 6ರಂದು.

ಪತ್ರಿಕೆಯ ಕಾಲದಲ್ಲಿ ಹೀಗಿರಲಿಲ್ಲ. 2023ರ ನವೆಂಬರ್‌ನಲ್ಲಿ ತೆಲಂಗಾಣ ವಿಧಾನಸಭಾ ಚುನಾವಣೆ ವೇಳೆ ಕರ್ನಾಟಕ ಸರ್ಕಾರ ಗ್ಯಾರಂಟಿಗಳ ಜಾಹೀರಾತನ್ನು ಅಲ್ಲಿನ ಪತ್ರಿಕೆಗಳಿಗೆ ಕೊಟ್ಟಿತ್ತು. ದೂರು ಬಂತು, ನವೆಂಬರ್ 27ರಂದು ಆಯೋಗ ನಿಲ್ಲಿಸಿತು, ವಿವರಣೆ ಕೇಳಿತು. ಮತದಾನ 30ಕ್ಕೆ. ಪುಟದ ತುಂಬ ಅಚ್ಚಾದದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ, ಎದುರಾಳಿಯೂ ಓದುತ್ತಾನೆ. ಮೊಬೈಲ್‌ನಲ್ಲಿ ನಿಮಗೆ ಬಂದದ್ದು ಪಕ್ಕದ ಅಂಗಡಿಯವನಿಗೆ ಬರುವುದಿಲ್ಲ. ದೂರು ಕೊಡುವವರು ಯಾರು?

ಹಾಗಾದರೆ ರಾಜಕೀಯ ಜಾಹೀರಾತನ್ನೇ ಪೂರ್ತಿ ನಿಲ್ಲಿಸಬಹುದಲ್ಲ ಅಂತ ಕೆಲವರು ಹೇಳುತ್ತಾರೆ. ಯುರೋಪಿನಲ್ಲಿ ಹೊಸ ಕಾನೂನು 2025ರ ಅಕ್ಟೋಬರ್ 10ರಿಂದ ಜಾರಿಗೆ ಬಂದಾಗ ಮೆಟಾ, ಗೂಗಲ್ ಎರಡೂ ಅಲ್ಲಿ ಅದನ್ನೇ ಮಾಡಿದವು. ನನಗೆ ಅದು ಸರಿ ಕಾಣುವುದಿಲ್ಲ. ದೊಡ್ಡ ಪಕ್ಷಗಳಿಗೆ ಸಾವಿರಾರು ವಾಟ್ಸ್‌ಆ್ಯಪ್ ಗ್ರೂಪ್‌ಗಳಿವೆ. ವಾರ್ಡ್ ಚುನಾವಣೆಗೆ ನಿಂತ ಬಡ ಅಭ್ಯರ್ಥಿಗೆ ಐನೂರು ರೂಪಾಯಿಯ ಜಾಹೀರಾತೇ ಗತಿ. ಜೊತೆಗೆ, ಆಡ್ ಲೈಬ್ರರಿಯಲ್ಲಿ ಯಾರ ದುಡ್ಡು ಅಂತಾದರೂ ಕಾಣುತ್ತದೆ, ಫಾರ್ವರ್ಡ್‌ನಲ್ಲಿ ಅದೂ ಇಲ್ಲ.

ಬೇಕಾದದ್ದು ಬೇರೆ. ರಾಜಕೀಯವಲ್ಲ ಅಂತ ಹೇಳಿಕೊಂಡು ಬರುವ ಜಾಹೀರಾತನ್ನೂ ಚುನಾವಣೆ ಸಮಯದಲ್ಲಿ ಕನ್ನಡ, ತೆಲುಗು, ಉರ್ದು ಬಲ್ಲ ಮನುಷ್ಯರೇ ಓದಬೇಕು. ಗಡಿ ಜಿಲ್ಲೆಗಳಲ್ಲಿ ಎರಡೂ ರಾಜ್ಯಗಳ ಚುನಾವಣಾಧಿಕಾರಿಗಳು ದೂರುಗಳನ್ನು ಒಟ್ಟಿಗೆ ನೋಡಬೇಕು. ಆಯೋಗದ ಸಿ-ವಿಜಿಲ್ ಆ್ಯಪ್‌ನಲ್ಲಿ 100 ನಿಮಿಷದಲ್ಲಿ ಕ್ರಮ ಅನ್ನುತ್ತಾರೆ, ಆದರೆ ಅದು ಸ್ಥಳದಲ್ಲೇ ದಾಖಲಿಸಿದ್ದನ್ನು ಮಾತ್ರ ತೆಗೆದುಕೊಳ್ಳುತ್ತದೆ. ಮೊಬೈಲ್‌ನ ಸ್ಕ್ರೀನ್‌ಶಾಟ್ ಅದರಲ್ಲಿ ಹಾಕುವುದಕ್ಕೆ ಆಗುವುದಿಲ್ಲ. ಅದಕ್ಕೊಂದು ದಾರಿ ಮಾಡಲಿ.

ಅಲ್ಲಿಯವರೆಗೆ ನಮ್ಮ ಯುವಕರು ಒಂದು ಕೆಲಸ ಮಾಡಬಹುದು. ದ್ವೇಷದ ಜಾಹೀರಾತು ಕಂಡರೆ ಬೈದು ಹಂಚಬೇಡಿ, ಹಂಚಿದರೆ ಅದಕ್ಕೇ ಲಾಭ. ಸ್ಕ್ರೀನ್‌ಶಾಟ್ ತೆಗೆಯಿರಿ, ದಿನಾಂಕ, ಪೇಜ್ ಹೆಸರು, ಹಣ ಕೊಟ್ಟವರ ಹೆಸರು, ಲಿಂಕ್ ಬರೆದಿಡಿ, ಜಿಲ್ಲಾ ಚುನಾವಣಾಧಿಕಾರಿ ಕಚೇರಿಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಆಡ್ ಲೈಬ್ರರಿ ನೋಡಲು ಖಾತೆಯೂ ಬೇಕಿಲ್ಲ. ದೇಶ ಭಾರತ ಅಂತ ಆರಿಸಿ, ಊರಿನ ಅಥವಾ ಅಭ್ಯರ್ಥಿಯ ಹೆಸರನ್ನು ಕನ್ನಡದಲ್ಲಿ ಒಮ್ಮೆ, ಇಂಗ್ಲಿಷ್‌ನಲ್ಲಿ ಒಮ್ಮೆ ಹಾಕಿ ಹುಡುಕಿ. ಗಡಿಯ ಕಡೆ ನೆಂಟರಿದ್ದರೆ ತೆಲುಗಿನಲ್ಲೂ ಬರೆದುಕೊಡಲು ಹೇಳಿ.